ಅರ್ಧ ಖಾಲಿಯಾದ ರೀಫ್ ಟ್ಯಾಂಕಿಗೆ ಮತ್ತೆ ಮೀನು: ಯಾವುದರ ಜೊತೆ ಯಾವುದು ಬಾಳುತ್ತದೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯಲ್ಲಿ ಎರಡೂವರೆ ವರ್ಷದಿಂದ ಒಂದು ರೀಫ್ ಟ್ಯಾಂಕ್ (ಕೋರಲ್, ಅಂದರೆ ಹವಳ, ಮತ್ತು ಕಡಲ ಮೀನು ಸಾಕುವ ಉಪ್ಪುನೀರಿನ ತೊಟ್ಟಿ) ಇದೆ. ಅಳತೆ 120×50×50 ಸೆಂಟಿಮೀಟರ್, ಕೆಳಗೆ ಸಂಪ್ (ಫಿಲ್ಟರ್ ಉಪಕರಣಗಳಿರುವ ಎರಡನೇ ತೊಟ್ಟಿ). ಕಳೆದ ತಿಂಗಳು ರಾತ್ರಿ ಕರೆಂಟ್ ಹೋಗಿ ಆರೇಳು ಗಂಟೆ ಪಂಪ್ ನಿಂತುಬಿಟ್ಟಿತ್ತು, ಬೆಳಗಾಗುವಷ್ಟರಲ್ಲಿ ಬಹುಪಾಲು ಮೀನು ಸತ್ತಿದ್ದವು. ಒಸೆಲ್ಲಾರಿಸ್ ಕ್ಲೌನ್ ಜೋಡಿ, ಒಂದು ಸಿಕ್ಸ್‌ಲೈನ್ ರಾಸ್, ಎರಡು ಕ್ಲೀನರ್ ಸೀಗಡಿ ಉಳಿದಿವೆ. ಜೊವಾಂಥಿಡ್, ಮಶ್ರೂಮ್, ಲೆದರ್ ಕೋರಲ್‌ಗಳು ಚೆನ್ನಾಗಿವೆ. ಈಗ ಯೆಲ್ಲೋ ಟ್ಯಾಂಗ್, ಬ್ಲೂ ಟ್ಯಾಂಗ್, ರಾಯಲ್ ಗ್ರಾಮಾ, ಫೈರ್‌ಫಿಶ್, ಮ್ಯಾಂಡರಿನ್, ಫ್ಲೇಮ್ ಏಂಜೆಲ್ ತಲಾ ಒಂದು, ಗ್ರೀನ್ ಕ್ರೋಮಿಸ್ ಐದು ತರಬೇಕೆಂದಿದ್ದೇನೆ. ಇವೆಲ್ಲ ಹೊಂದಿಕೊಳ್ಳುತ್ತವೆಯೇ? ಒಟ್ಟಿಗೆ ಕೊಂಡರೆ ಬೆಲೆ ಕಡಿಮೆ ಮಾಡುತ್ತೇವೆ ಅಂತ ಅಂಗಡಿಯವರು ಹೇಳುತ್ತಿದ್ದಾರೆ.

ಉತ್ತರ: ಒಟ್ಟಿಗೆ ಮಾತ್ರ ತರಬೇಡಿ. ನಿಮ್ಮ ಪಟ್ಟಿಯಲ್ಲಿ ಬ್ಲೂ ಟ್ಯಾಂಗ್ ಮತ್ತು ಕ್ರೋಮಿಸ್ ಬೇಡ, ಮ್ಯಾಂಡರಿನ್ ಈಗ ಬೇಡ. ಉಳಿದವು ಬದುಕುವುದು ಬಿಡುವುದು ನೀವು ಕೊಳ್ಳಲಿರುವ ಮೀನಿಗಿಂತ ಹೆಚ್ಚಾಗಿ ಈಗಾಗಲೇ ನಿಮ್ಮಲ್ಲಿರುವ ಆ ಒಂದು ಸಿಕ್ಸ್‌ಲೈನ್ ರಾಸ್ ಮೇಲೆ ನಿಂತಿದೆ. ಹೊಂದಾಣಿಕೆಯ ಚಾರ್ಟ್‌ಗಳು ಹೇಳದ ಮಾತು ಇದು: ಹೊಸ ಟ್ಯಾಂಕಿಗೆ ಮೀನು ಬಿಡುವುದು ಬೇರೆ, ಅರ್ಧ ಖಾಲಿಯಾದ ಹಳೆ ಟ್ಯಾಂಕಿಗೆ ಬಿಡುವುದು ಬೇರೆ. ಬದುಕುಳಿದ ಮೀನುಗಳು ಈ ಒಂದು ತಿಂಗಳಲ್ಲಿ ಸತ್ತವುಗಳ ಜಾಗವನ್ನೂ ತಮ್ಮದಾಗಿಸಿಕೊಂಡಿರುತ್ತವೆ. ಬರುವವರೆಲ್ಲ ಅವುಗಳ ಕಣ್ಣಿಗೆ ಅತಿಕ್ರಮಣಕಾರರು.

ಮೊದಲು ಸಾವಿನ ಕಾರಣವನ್ನು ಖಚಿತ ಮಾಡಿಕೊಳ್ಳಿ. ಒಂದೇ ರಾತ್ರಿಯಲ್ಲಿ, ದೊಡ್ಡ ಮತ್ತು ಸದಾ ಈಜುವ ಮೀನುಗಳು ಮೊದಲು ಸತ್ತಿದ್ದರೆ ಅದು ಆಮ್ಲಜನಕದ ಕೊರತೆಯೇ. 26 ಡಿಗ್ರಿಯ ಉಪ್ಪುನೀರು ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕವನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಮೇಲ್ಮೈ ಕಲಕುವುದು ನಿಂತರೆ ಮೀನು, ಕೋರಲ್, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಅದನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ಸಣ್ಣ ಮೈಯ ಕ್ಲೌನ್ ಮತ್ತು ಸಿಕ್ಸ್‌ಲೈನ್ ಉಳಿದದ್ದೂ ಇದಕ್ಕೆ ಹೊಂದುತ್ತದೆ. ಆದರೆ ಕರೆಂಟ್ ಹೋಗುವ ಮೊದಲೇ ಮೀನುಗಳ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇತ್ತೇ, ಕಲ್ಲಿಗೆ ಮೈ ಉಜ್ಜುತ್ತಿದ್ದವೇ, ವೇವ್‌ಮೇಕರ್‌ನ (ಟ್ಯಾಂಕಿನೊಳಗೆ ನೀರು ತಳ್ಳುವ ಸಣ್ಣ ಪಂಪ್) ಹರಿವಿಗೆ ಮುಖ ಕೊಟ್ಟು ಏದುಸಿರು ಬಿಡುತ್ತಿದ್ದವೇ, ನೆನಪು ಮಾಡಿಕೊಳ್ಳಿ. ಹೌದಾದರೆ ಇಕ್ ಅಥವಾ ವೆಲ್ವೆಟ್ ಎಂಬ ಪರಾವಲಂಬಿ ರೋಗ ಟ್ಯಾಂಕಿನಲ್ಲಿತ್ತು, ಉಳಿದ ಮೂರು ಮೀನುಗಳು ಅದನ್ನು ಹೊತ್ತಿರಬಹುದು. ಆಗ ದಾರಿ ಒಂದೇ: ಮೂರನ್ನೂ ಬೇರೆ ಟ್ಯಾಂಕಿಗೆ ಎತ್ತಿ ಚಿಕಿತ್ಸೆ ಮಾಡುವುದು, ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡುವುದು. ಈ ಪರಾವಲಂಬಿಗಳಿಗೆ ಮೀನೇ ಬೇಕು, ಸೀಗಡಿ ಮತ್ತು ಕೋರಲ್ ಮೇಲೆ ಅವು ಬದುಕಲಾರವು. ಸೀಗಡಿಗಳನ್ನು ಅಲ್ಲೇ ಬಿಡಬಹುದು.

ಕರೆಂಟಿನದೇ ತಪ್ಪಾಗಿದ್ದರೆ, ಒಂದೇ ಒಂದು ಮೀನು ಕೊಳ್ಳುವ ಮೊದಲು ಅದಕ್ಕೆ ಪರಿಹಾರ ಆಗಬೇಕು. ಇಡೀ ವ್ಯವಸ್ಥೆ ಯುಪಿಎಸ್ ಮೇಲೆ ಓಡಬೇಕಾಗಿಲ್ಲ. ಒಂದು ವೇವ್‌ಮೇಕರನ್ನು ನೀರಿನ ಮೇಲ್ಮೈಗೆ ಮುಖಮಾಡಿ ಇನ್ವರ್ಟರಿಗೆ ಜೋಡಿಸಿದರೂ ಸಾಕು. ಜೊತೆಗೆ ಕರೆಂಟ್ ಹೋದ ತಕ್ಷಣ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಎರಡು ಇಟ್ಟುಕೊಳ್ಳಿ. ಚಿಲ್ಲರ್, ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ತೆಗೆಯುವ ಉಪಕರಣ), ಲೈಟ್ ರಾತ್ರಿಯಿಡೀ ನಿಂತರೂ ಮೀನು ಸಾಯುವುದಿಲ್ಲ.

ನೀರಿನ ಲೆಕ್ಕಕ್ಕೆ ಬರೋಣ. ಅಳತೆಯ ಪ್ರಕಾರ ನಿಮ್ಮದು 300 ಲೀಟರ್. ಗಾಜಿನ ದಪ್ಪ, ಮೇಲೆ ಬಿಟ್ಟ ಜಾಗ, ಮರಳು ಮತ್ತು ಕಲ್ಲು ಕಳೆದರೆ ಸುಮಾರು 230 ಲೀಟರ್ ಉಳಿಯುತ್ತದೆ. ಸಂಪ್ ನೀರನ್ನು ಹೆಚ್ಚಿಸುತ್ತದೆಯೇ ಹೊರತು ಈಜುವ ಜಾಗವನ್ನಲ್ಲ. ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಸಿಗುವ ಅಮೋನಿಯಾದ ಅಳತೆಗೆ ತಕ್ಕಂತೆ ಬೆಳೆಯುತ್ತವೆ, ಕುಗ್ಗುತ್ತವೆ. ಒಂದು ತಿಂಗಳಿಂದ ಮೂರೇ ಸಣ್ಣ ಮೀನಿದ್ದ ಟ್ಯಾಂಕು ಈಗ ಮೂರು ಮೀನಿನ ಟ್ಯಾಂಕೇ. ಹಳೆಯದು, ಮೊದಲು ಹತ್ತು ಮೀನು ತಾಳಿತ್ತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹನ್ನೊಂದು ಮೀನು ಒಮ್ಮೆಲೇ ಬಂದರೆ ಎರಡನೇ ಮೂರನೇ ದಿನ ಅಮೋನಿಯಾ ಏರುತ್ತದೆ, ಅದರಿಂದ ಸೊರಗಿದ ಮೀನಿಗೆ ರೋಗ ಬೇಗ ಅಂಟುತ್ತದೆ. ಒಮ್ಮೆಗೆ ಒಂದು, ತೀರಾ ಸಣ್ಣವಾದರೆ ಎರಡು ಮೂರು. ನಂತರ ಮೂರರಿಂದ ನಾಲ್ಕು ವಾರ ಬಿಡುವು. ಶುರು ಮಾಡುವ ಮೊದಲು ಒಂದು ವಾರದ ಅಂತರದಲ್ಲಿ ಎರಡು ಸಲ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ. ಎರಡೂ ಸೊನ್ನೆ ಇರಬೇಕು. ಸತ್ತ ಮೀನುಗಳ ಲೆಕ್ಕದಲ್ಲಿ ಒಂದೆರಡರ ಹೆಣ ಸಿಗದೇ ಹೋಗಿದ್ದರೆ ಅವು ಕಲ್ಲಿನ ಸಂದಿನಲ್ಲಿ ಕೊಳೆತಿರುತ್ತವೆ, ನೈಟ್ರೇಟ್ ಮತ್ತು ಫಾಸ್ಫೇಟ್ ಏರಿರುತ್ತದೆ. ವಾರಕ್ಕೆ 10–15 ಶೇಕಡಾ ನೀರು ಬದಲಿಸುತ್ತ ಇಳಿಸಿ. ಮಾರ್ಚ್‌ನಿಂದ ಮೇ ತನಕ ನೀರು 28 ಡಿಗ್ರಿ ದಾಟುವ ಮನೆಯಾದರೆ ಆ ತಿಂಗಳುಗಳಲ್ಲಿ ಹೊಸ ಮೀನು ತರದಿರುವುದೇ ಒಳ್ಳೆಯದು.

ಇನ್ನು ಜಗಳದ ವಿಷಯ. ರೀಫ್ ಮೀನುಗಳು ಜಗಳಾಡುವುದು ಮುಖ್ಯವಾಗಿ ಮೂರಕ್ಕೆ: ಮಲಗುವ ಬಿಲ, ತಿನ್ನುವ ಆಹಾರ, ಸಂಗಾತಿ. ತನ್ನಂಥದೇ ಆಕಾರ, ಬಣ್ಣ, ಬಾಯಿ ಇರುವ ಮೀನು ಕಂಡರೆ ಈ ಮೂರಕ್ಕೂ ಸ್ಪರ್ಧಿ ಬಂದ ಎಂದೇ ಅರ್ಥ. ಆದ್ದರಿಂದ ಪ್ರತಿ ಮೀನಿಗೂ ಮೂರು ಪ್ರಶ್ನೆ ಕೇಳಿ: ರಾತ್ರಿ ಎಲ್ಲಿ ಮಲಗುತ್ತದೆ, ಹಗಲು ನೀರಿನ ಯಾವ ಮಟ್ಟದಲ್ಲಿರುತ್ತದೆ, ಏನು ತಿನ್ನುತ್ತದೆ? ಇಬ್ಬರ ಉತ್ತರವೂ ಒಂದೇ ಬಂದರೆ ನಾಲ್ಕು ಅಡಿ ಟ್ಯಾಂಕಿನಲ್ಲಿ ಇಬ್ಬರಿಗೂ ಜಾಗವಿಲ್ಲ.

ಈ ಲೆಕ್ಕದಲ್ಲಿ ಸಿಕ್ಸ್‌ಲೈನ್ ರಾಸ್ ಕಷ್ಟದ ಮೀನು. ಬೆರಳುದ್ದವಿದ್ದರೂ ಇಡೀ ಕಲ್ಲುಗುಡ್ಡೆಯನ್ನು ಅದು ದಿನವಿಡೀ ಸುತ್ತುತ್ತದೆ, ಒಂದು ಬಿಲಕ್ಕೆ ಕಟ್ಟುಬೀಳುವುದಿಲ್ಲ. ಹಾಗಾಗಿ ಅದರ ಗಡಿ ಎಂದರೆ ಟ್ಯಾಂಕಿನ ಗಡಿಯೇ. ಫೈರ್‌ಫಿಶ್‌ನಂಥ ಅಂಜುಬುರುಕ ಮೀನನ್ನು ಅದು ಕಚ್ಚಿ ಸಾಯಿಸಬೇಕಾಗಿಲ್ಲ. ಎರಡು ದಿನ ಬೆನ್ನಟ್ಟಿದರೆ ಫೈರ್‌ಫಿಶ್ ಬಿಲದಿಂದ ಹೊರಬರದೆ ಹಸಿದು ಸಾಯುತ್ತದೆ, ಇಲ್ಲವೇ ಹೊರಕ್ಕೆ ಹಾರಿ ನೆಲಕ್ಕೆ ಬೀಳುತ್ತದೆ. ಫೇರಿ ರಾಸ್, ಫ್ಲಾಷರ್ ರಾಸ್‌ಗಳಿಗೂ ಇದೇ ಗತಿ. ಮ್ಯಾಂಡರಿನ್‌ಗೆ ಆಹಾರವಾದ ಕೊಪೆಪಾಡ್ ಎಂಬ ಸೂಕ್ಷ್ಮ ಜೀವಿಗಳನ್ನೂ ಸಿಕ್ಸ್‌ಲೈನೇ ತಿಂದು ಮುಗಿಸುತ್ತದೆ. ಎಲ್ಲ ಸಿಕ್ಸ್‌ಲೈನ್‌ಗಳೂ ಹೀಗೇ ಎಂದಲ್ಲ, ಆದರೆ ವರ್ಷಗಟ್ಟಲೆ ಟ್ಯಾಂಕಿನಲ್ಲಿದ್ದು ಈಗ ಏಕಾಂಗಿಯಾಗಿ ಉಳಿದದ್ದನ್ನು ನಂಬಿ ಸಾಧು ಮೀನು ಬಿಡಲಾಗದು. ಅದನ್ನು ಹಿಡಿದು ಅಂಗಡಿಗೋ ಬೇರೆ ಹವ್ಯಾಸಿಗೋ ಕೊಡುವುದು ನನ್ನ ಸಲಹೆ. ಬಿಟ್ಟುಕೊಡಲು ಮನಸ್ಸಿಲ್ಲವಾದರೆ ಫೈರ್‌ಫಿಶ್ ಮತ್ತು ಮ್ಯಾಂಡರಿನ್ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿ. ಸಿಕ್ಸ್‌ಲೈನೂ ಬೇಕು, ಅವೂ ಬೇಕು ಎನ್ನುವ ದಾರಿ ಇಲ್ಲ.

ಬಲೆ ಹಾಕಿ ಬೆನ್ನಟ್ಟಿದರೆ ಸಿಕ್ಸ್‌ಲೈನ್ ಸಿಗುವುದಿಲ್ಲ, ಕೋರಲ್ ಮುರಿಯುತ್ತದೆ ಅಷ್ಟೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕತ್ತಿನ ಭಾಗ ಕತ್ತರಿಸಿ, ತಿರುಗಿಸಿ ಒಳಮುಖವಾಗಿ ಕೂರಿಸಿ, ನೀರು ಓಡಾಡಲು ಬಿಸಿ ಸೂಜಿಯಿಂದ ತೂತು ಮಾಡಿ. ಮೊದಲ ಮೂರು ನಾಲ್ಕು ದಿನ ಕತ್ತಿನ ಭಾಗ ಜೋಡಿಸದೆ ಬಾಟಲಿಯನ್ನು ಕಲ್ಲಿನ ಪಕ್ಕ ಮಲಗಿಸಿ, ಮೈಸಿಸ್ ಸೀಗಡಿಯನ್ನು ಅದರೊಳಗೇ ಹಾಕಿ. ಒಳಹೋಗಿ ತಿನ್ನುವ ರೂಢಿಯಾದ ಮೇಲೆ ಕತ್ತು ಜೋಡಿಸಿ. ಹಗಲಲ್ಲೇ ಹಿಡಿಯಿರಿ, ಕತ್ತಲಾದರೆ ಅದು ಕಲ್ಲಿನೊಳಗೆ ಲೋಳೆಯ ಗೂಡು ಕಟ್ಟಿಕೊಂಡು ಮಲಗಿರುತ್ತದೆ.

ಕ್ಲೌನ್ ಜೋಡಿಯಿಂದ ದೊಡ್ಡ ತೊಂದರೆಯಿಲ್ಲ, ಎರಡು ಷರತ್ತಿನ ಮೇಲೆ. ಮೂರನೆಯ ಕ್ಲೌನ್ ಯಾವ ಬಣ್ಣದ್ದಾದರೂ ತರಬೇಡಿ. ಎಲ್ಲ ಕ್ಲೌನ್‌ಗಳೂ ಗಂಡಾಗಿಯೇ ಶುರುವಾಗಿ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಜೋಡಿ ಕೂಡಿದ ಮೇಲೆ ಬಂದ ಮೂರನೆಯದನ್ನು ಕೊಲ್ಲುವುದು ಬಹುತೇಕ ಖಚಿತ. ಎರಡನೆಯದು, ಅವು ಮೊಟ್ಟೆಯಿಡುವ ಅಥವಾ ವಾಸಿಸುವ ಮೂಲೆಯಿಂದ 30–40 ಸೆಂಟಿಮೀಟರ್ ದೂರದಲ್ಲಿ ಹೊಸಬರಿಗೆ ಬಿಲ ಇರಬೇಕು.

ಈಗ ನಿಮ್ಮ ಪಟ್ಟಿ. ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ನಾಲ್ಕೈದು ಸೆಂಟಿಮೀಟರ್ ಇರುತ್ತದೆ, ಬೆಳೆದರೆ 30 ಸೆಂಟಿಮೀಟರ್. ಸಮುದ್ರದಲ್ಲಿ ಹರಿವಿನ ಎದುರು ದೂರ ದೂರ ಈಜುವ ಮೀನಿಗೆ 120 ಸೆಂಟಿಮೀಟರ್ ಗಾಜು ಸಾಲದು; ಆರಡಿಗಿಂತ ಚಿಕ್ಕ ಟ್ಯಾಂಕಿಗೆ ಅದನ್ನು ತರುವುದು ಅನ್ಯಾಯ. ಜಾಗ ಸಾಲದ ಟ್ಯಾಂಗ್ ಹೆದರಿಕೆಯಲ್ಲೇ ಇದ್ದು ಇಕ್‌ಗೆ ಮೊದಲ ತುತ್ತಾಗುತ್ತದೆ, ಅದರಿಂದ ಉಳಿದವಕ್ಕೂ ಹಬ್ಬುತ್ತದೆ. ಯೆಲ್ಲೋ ಟ್ಯಾಂಗ್ 20 ಸೆಂಟಿಮೀಟರ್ ತನಕ ಬೆಳೆಯುತ್ತದೆ, ನಿಮ್ಮ ಟ್ಯಾಂಕು ಅದಕ್ಕೆ ಕನಿಷ್ಠದ ಗೆರೆ. ಅದರ ಬದಲು ಟೊಮಿನಿ ಟ್ಯಾಂಗ್ ಹುಡುಕಿ: ಸುಮಾರು 15 ಸೆಂಟಿಮೀಟರಿಗೆ ನಿಲ್ಲುತ್ತದೆ, ಬ್ರಷ್‌ನಂಥ ಹಲ್ಲಿನಿಂದ ಗಾಜು ಮತ್ತು ಕಲ್ಲಿನ ಮೇಲಿನ ಪಾಚಿಯ ಪದರವನ್ನು ಕೆರೆದು ತಿನ್ನುತ್ತದೆ, ಸ್ವಭಾವವೂ ಮೃದು. ಹಳದಿಯೇ ಬೇಕೆಂದರೆ ಸಾಕಣೆಯಲ್ಲಿ ಹುಟ್ಟಿದ್ದೇ ಎಂದು ಕೇಳಿ ತನ್ನಿ. ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಈ ಮೀನನ್ನು ಮರಿಯಿಂದ ಬೆಳೆಸುವುದರಲ್ಲಿ ಗೆದ್ದ ಮೇಲೆ ಸಾಕಣೆಯ ಮರಿಗಳು ಮಾರುಕಟ್ಟೆಗೆ ಬರತೊಡಗಿವೆ. ಅವು ಪೆಲೆಟ್ ತಿನ್ನುವುದನ್ನು ಕಲಿತೇ ಬರುತ್ತವೆ. ಯಾವುದೇ ಆದರೂ ಒಂದೇ ಟ್ಯಾಂಗ್, ಮತ್ತು ಅದೇ ಕೊನೆಯ ಮೀನು. ಬಾಲದ ಬುಡದ ಎರಡೂ ಕಡೆ ಚಾಕುವಿನಂಥ ಮುಳ್ಳಿರುತ್ತದೆ, ಬರಿಗೈಯಲ್ಲಿ ಹಿಡಿಯಬೇಡಿ.

ಗ್ರೀನ್ ಕ್ರೋಮಿಸ್ ಶಾಂತ ಗುಂಪುಮೀನು ಎಂದು ಮಾರುತ್ತಾರೆ. ಸಮುದ್ರದಲ್ಲಿ ಅದು ನಿಜ. ನಾಲ್ಕು ಅಡಿಯಲ್ಲಿ ಐದನ್ನು ಬಿಟ್ಟರೆ ಬಲಿಷ್ಠವಾದದ್ದು ತನ್ನ ಕೆಳಗಿನದನ್ನು, ಅದು ಮುಗಿದ ಮೇಲೆ ಮತ್ತೊಂದನ್ನು ಪೀಡಿಸುತ್ತ ಕೆಲವು ತಿಂಗಳಲ್ಲಿ ಒಂದೋ ಎರಡೋ ಉಳಿಯುವುದು ಸಾಮಾನ್ಯ. ಅದಕ್ಕಿಂತ ಮುಖ್ಯವಾಗಿ, ಮೈಮೇಲೆ ಕೆಂಪು ಗಾಯ ಮಾಡುವ ಯುರೋನೆಮಾ ಎಂಬ ಪರಾವಲಂಬಿ ಕ್ರೋಮಿಸ್ ಜೊತೆ ಬರುವುದು ಹೆಚ್ಚು, ಮತ್ತು ಅದು ಮೀನಿಲ್ಲದೆಯೂ ಟ್ಯಾಂಕಿನಲ್ಲಿ ಬದುಕಬಲ್ಲದು. ಗುಂಪು ಬೇಕೆಂಬ ಆಸೆಯಿದ್ದರೆ ಪೈಜಾಮಾ ಕಾರ್ಡಿನಲ್ ಮೂರು ತನ್ನಿ. ನಿಧಾನದ ಮೀನು, ನೀರಿನ ಮಧ್ಯದಲ್ಲಿ ತೇಲುತ್ತ ನಿಲ್ಲುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ.

ಮ್ಯಾಂಡರಿನ್ ಎಷ್ಟೋ ಟ್ಯಾಂಕುಗಳಲ್ಲಿ ಹಸಿವಿನಿಂದ ಸಾಯುತ್ತದೆ, ಜಗಳದಿಂದಲ್ಲ. ಬೆಳಗಿನಿಂದ ಸಂಜೆಯ ತನಕ ಕಲ್ಲಿನ ಮೇಲಿನ ಕೊಪೆಪಾಡ್ ಹೆಕ್ಕುವುದೇ ಅದರ ಬದುಕು. ದಿನಕ್ಕೆರಡು ಸಲ ಹಾಕುವ ಆಹಾರದತ್ತ ಅನೇಕವು ತಿರುಗಿಯೂ ನೋಡುವುದಿಲ್ಲ. ಸಿಕ್ಸ್‌ಲೈನ್ ಹೋದ ಮೇಲೆ ಸಂಪಿನಲ್ಲಿ ಕೀಟೋ ಪಾಚಿಯ ರೆಫ್ಯೂಜಿಯಂ (ಕೊಪೆಪಾಡ್‌ಗಳು ಮೀನಿನ ಕಾಟವಿಲ್ಲದೆ ಬೆಳೆಯುವ ಭಾಗ) ಮಾಡಿ, ಜೀವಂತ ಕೊಪೆಪಾಡ್ ಬಾಟಲಿ ತಂದು ಲೈಟ್ ಆರಿದ ಮೇಲೆ ಪಂಪನ್ನು ಅರ್ಧ ಗಂಟೆ ನಿಲ್ಲಿಸಿ ಕಲ್ಲಿನ ಬುಡಕ್ಕೆ ಬಿಡಿ. ಆ ಅರ್ಧ ಗಂಟೆ ವೇವ್‌ಮೇಕರ್ ಮೆಲ್ಲಗೆ ಮೇಲ್ಮೈ ಕಲಕುತ್ತಿರಲಿ. ನಾಲ್ಕರಿಂದ ಆರು ತಿಂಗಳು ಕಾಯಿರಿ. ಲೈಟ್ ಆರಿಸಿ ಒಂದು ಗಂಟೆಯ ಬಳಿಕ ಟಾರ್ಚ್ ಬಿಟ್ಟಾಗ ಗಾಜಿನ ಎಲ್ಲ ಕಡೆಯೂ ಬಿಳಿ ಚುಕ್ಕೆಗಳು ಹರಿದಾಡುತ್ತಿದ್ದರೆ ಆಗ ಯೋಚಿಸಬಹುದು. ಅಂಗಡಿಯಲ್ಲಿ ಫ್ರೋಜನ್ ಆಹಾರ ತಿನ್ನುವುದನ್ನು ಕಣ್ಣಾರೆ ನೋಡದೆ ತರಬೇಡಿ.

ಫ್ಲೇಮ್ ಏಂಜೆಲ್ ಬಗ್ಗೆ ಯಾರೂ ಖಾತ್ರಿ ಕೊಡಲಾರರು. ಒಂದು ಐದು ವರ್ಷ ಕೋರಲ್ ಮುಟ್ಟದೆ ಇರುತ್ತದೆ, ಇನ್ನೊಂದು ಎರಡನೇ ವಾರವೇ ಜೊವಾಂಥಿಡ್ ಕುಕ್ಕುತ್ತದೆ. ಲೆದರ್ ಮತ್ತು ಮಶ್ರೂಮ್‌ಗೆ ಅಪಾಯ ಕಡಿಮೆ, ನಿಮ್ಮ ಜೊವಾಂಥಿಡ್‌ಗೆ ಇದೆ. ದಿನವಿಡೀ ಮುಚ್ಚಿಕೊಂಡೇ ಇರುವ ಪಾಲಿಪ್‌ಗಳು (ಕೋರಲ್‌ನ ಹೂವಿನಂಥ ಬಾಯಿಗಳು) ಮೊದಲ ಸೂಚನೆ. ಹಿಡಿದು ಹೊರತೆಗೆಯುವ ತಾಳ್ಮೆ ಇದ್ದರೆ ತನ್ನಿ, ಕೋರಲ್ ಮೇಲೆ ಹೆಚ್ಚು ಪ್ರೀತಿ ಇದ್ದರೆ ಬಿಡಿ. ಫ್ಲೇಮ್‌ನಂಥ ಕುಬ್ಜ ಏಂಜೆಲ್ ಒಂದಕ್ಕಿಂತ ಹೆಚ್ಚು ಈ ಟ್ಯಾಂಕಿಗೆ ಸಲ್ಲದು.

ರಾಯಲ್ ಗ್ರಾಮಾ ಒಳ್ಳೆಯ ಆಯ್ಕೆ. ತನ್ನ ಗುಹೆಯ ಬಾಯಿಗೆ ಬಂದವರಿಗೆ ಬಾಯಿ ಅಗಲಿಸಿ ತೋರಿಸುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಕೊಳ್ಳುವಾಗ ಎಚ್ಚರ: ಹೆಚ್ಚುಕಡಿಮೆ ಅದೇ ನೇರಳೆ-ಹಳದಿ ಬಣ್ಣದ ರಾಯಲ್ ಡಾಟಿಬ್ಯಾಕ್ ಎಂಬ ಬೇರೆ ಮೀನಿದೆ, ಬೆಲೆ ಕಡಿಮೆ, ಜಗಳ ಹೆಚ್ಚು. ಗ್ರಾಮಾದಲ್ಲಿ ನೇರಳೆ ಬಣ್ಣ ಹಳದಿಯೊಳಕ್ಕೆ ಚುಕ್ಕೆಚುಕ್ಕೆಯಾಗಿ ಕರಗುತ್ತದೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಕಪ್ಪು ಬೊಟ್ಟು ಇರುತ್ತದೆ. ಡಾಟಿಬ್ಯಾಕ್‌ನಲ್ಲಿ ಎರಡು ಬಣ್ಣ ಗೆರೆ ಕೊಯ್ದಂತೆ ಬೇರೆಯಾಗಿರುತ್ತವೆ, ಬೊಟ್ಟು ಇರುವುದಿಲ್ಲ. ಫೈರ್‌ಫಿಶ್ ಒಂದನ್ನೇ ತನ್ನಿ. ಜೋಡಿ ಎಂದು ಅಂಗಡಿಯವರು ಹೇಳಿದರೂ ಒಂದೇ ಬಿಲದಲ್ಲಿ ಮಲಗುವುದನ್ನು ನೋಡದೆ ಎರಡು ಬೇಡ. ಅದು ಬರುವ ಮೊದಲು ಟ್ಯಾಂಕಿನ ಮೇಲೆ 6 ಮಿಲಿಮೀಟರ್ ಕಣ್ಣಿನ ಬಲೆಯ ಮುಚ್ಚಳ ಕೂತಿರಲೇಬೇಕು, ಪೈಪು ಹೋಗುವ ಮೂಲೆಯ ಸಂದೂ ಮುಚ್ಚಿರಬೇಕು.

ಪಟ್ಟಿಯಲ್ಲಿ ತಳದ ಮೀನಿಲ್ಲ. ಅಲ್ಲಿಗೆ ಹಳದಿ ವಾಚ್‌ಮನ್ ಗೋಬಿ, ಜೊತೆಗೆ ಪಿಸ್ತೂಲ್ ಸೀಗಡಿ ಹೇಳಿ ಮಾಡಿಸಿದಂತಿದೆ. ಸೀಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ನಿಮ್ಮ ಕಲ್ಲುಗಳು ಮರಳಿನ ಮೇಲಲ್ಲ, ಗಾಜಿನ ತಳದ ಮೇಲೆಯೇ ನಿಂತಿವೆಯೇ ನೋಡಿಕೊಳ್ಳಿ. ಇಲ್ಲವಾದರೆ ಸೀಗಡಿ ಬುಡ ಕೊರೆದು ಕಲ್ಲು ಉರುಳುತ್ತದೆ.

ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಡೊಮಿನೊ ಮತ್ತು ನೀಲಿ ಡ್ಯಾಮ್ಸೆಲ್ ಬೇಡ. ಹಾಕ್‌ಫಿಶ್ ನಿಮ್ಮ ಸೀಗಡಿಗಳನ್ನು ತಿನ್ನುತ್ತದೆ. ಕ್ಲೀನರ್ ರಾಸ್ ಬಹುತೇಕ ಹಸಿದು ಸಾಯುತ್ತದೆ. ಕಡಲಕುದುರೆ, ಪೈಪ್‌ಫಿಶ್, ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದ ಜೀವಿಗಳು. ಯಾರಾದರೂ ತೋರಿಸಿದರೆ ಕೊಳ್ಳಬೇಡಿ.

ಮೀನು ಅಂಗಡಿಗೆ ಬಂದ ದಿನವೇ ತರದೆ, ಮುಂಗಡ ಕೊಟ್ಟು ಹತ್ತು ದಿನ ಅಲ್ಲೇ ಬಿಡಿಸಿ. ನಿಮ್ಮೆದುರು ತಿನ್ನಬೇಕು. ತಲೆಯ ಹಿಂದಿನ ಬೆನ್ನು ಕುಸಿದಿದ್ದರೆ, ಹೊಟ್ಟೆ ಒಳಸೇರಿದ್ದರೆ ಬೇಡ. ಅದೇ ನೀರಿನ ವ್ಯವಸ್ಥೆಯ ಪಕ್ಕದ ತೊಟ್ಟಿಯಲ್ಲಿ ಚುಕ್ಕೆಯ ಮೀನು ಕಂಡರೆ ಆ ದಿನ ಬರಿಗೈಯಲ್ಲೇ ವಾಪಸ್ ಬನ್ನಿ.

ಕ್ವಾರಂಟೈನ್‌ಗೆ 60–80 ಲೀಟರಿನ ಬರಿಗಾಜಿನ ಟ್ಯಾಂಕು, ಹೀಟರ್, 50 ಮಿಲಿಮೀಟರ್ ಪಿವಿಸಿ ಎಲ್ಬೋ ನಾಲ್ಕೈದು, ಸ್ಪಂಜ್ ಫಿಲ್ಟರ್ ಸಾಕು; ಟ್ಯಾಂಗ್‌ಗೆ ಮಾತ್ರ 100 ಲೀಟರಿಗೂ ಹೆಚ್ಚು ಬೇಕು. ಸ್ಪಂಜನ್ನು ಮೂರ್ನಾಲ್ಕು ವಾರ ಮೊದಲೇ ನಿಮ್ಮ ಸಂಪಿನಲ್ಲಿಟ್ಟು ಬ್ಯಾಕ್ಟೀರಿಯಾ ಹತ್ತಿಸಿ. ಎಷ್ಟೋ ಅಂಗಡಿಗಳ ನೀರಿನ ಸಾಂದ್ರತೆ (ಉಪ್ಪಿನಂಶ ತಿಳಿಯುವ ಅಳತೆ) 1.020ರ ಆಸುಪಾಸು, ನಿಮ್ಮದು 1.025 ಇರುತ್ತದೆ. ಕ್ವಾರಂಟೈನ್ ನೀರನ್ನು ಚೀಲದ ನೀರಿಗೆ ಹೊಂದಿಸಿಟ್ಟು, ತಾಪ ಸರಿದೂಗಿಸಿ ಮೀನನ್ನು ತಕ್ಷಣ ಬಿಡಿ. ಆಮೇಲೆ ದಿನಕ್ಕೆ 0.001–0.002ರಂತೆ ಏರಿಸಿ. ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸುವ ಪದ್ಧತಿ ದೂರದಿಂದ ಬಂದ ಮೀನಿಗೆ ಹಾನಿ. ಕಟ್ಟಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಮೋನಿಯಾ ಇದ್ದರೂ ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದ ಮೇಲೆ ಪಿಎಚ್ ಏರುತ್ತದೆ, ಅದೇ ಅಮೋನಿಯಾ ಕಿವಿರನ್ನು ಸುಡುತ್ತದೆ.

ನಾಲ್ಕು ವಾರ ಗಮನಿಸಿ. ಚುಕ್ಕೆ ಕಂಡರೆ ಕೀಲೇಟೆಡ್ ತಾಮ್ರದ ಔಷಧವನ್ನು ಎರಡು ಮೂರು ದಿನಗಳಲ್ಲಿ 2–2.5 ಪಿಪಿಎಂಗೆ (ಲೀಟರಿಗೆ ಮಿಲಿಗ್ರಾಂ) ಏರಿಸಿ 30 ದಿನ ಇಳಿಯದಂತೆ ಕಾಯ್ದುಕೊಳ್ಳಬೇಕು, ದಿನವೂ ಅಳೆಯಬೇಕು. ಅಯಾನಿಕ್ ತಾಮ್ರಕ್ಕೆ ಈ ಅಂಕಿ ಬಳಸಿದರೆ ಮೀನು ಸಾಯುತ್ತದೆ, ಬಾಟಲಿಯ ಮೇಲಿನ ವಿಧ ಓದಿ. ತಾಮ್ರ ತಾಕಿದ ಸ್ಪಂಜು, ಪೈಪು, ಬಲೆ ಯಾವುದೂ ಮತ್ತೆ ದೊಡ್ಡ ಟ್ಯಾಂಕಿಗೆ ಹೋಗಕೂಡದು. ಸೀಗಡಿ, ಕೋರಲ್‌ಗಳಿಗೆ ಅದು ವಿಷ.

ಕ್ರಮ ಹೀಗಿರಲಿ: ಮೊದಲು ಫೈರ್‌ಫಿಶ್ ಮತ್ತು ಗೋಬಿ, ನಂತರ ಕಾರ್ಡಿನಲ್‌ಗಳು, ಆಮೇಲೆ ಗ್ರಾಮಾ, ಬೇಕೆಂದರೆ ಫ್ಲೇಮ್ ಏಂಜೆಲ್, ಕೊನೆಗೆ ಟ್ಯಾಂಗ್. ಮ್ಯಾಂಡರಿನ್ ಯಾರಿಗೂ ಸ್ಪರ್ಧಿಯಲ್ಲದ ಕಾರಣ ಟ್ಯಾಂಕು ಸಿದ್ಧವಾದಾಗ ಯಾವಾಗಲಾದರೂ ಬರಬಹುದು. ಪ್ರತಿ ಮೀನನ್ನೂ ತೂತಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ, ಒಳಗೊಂದು ಪಿವಿಸಿ ತುಂಡಿಟ್ಟು, ಟ್ಯಾಂಕಿನೊಳಗೇ ಮೂರರಿಂದ ಐದು ದಿನ ತೂಗುಹಾಕಿ. ಹಳಬರು ಮೊದಲ ದಿನ ಗಾಜಿಗೆ ಮೂತಿ ಬಡಿಯುತ್ತಾರೆ, ಮೂರನೇ ದಿನಕ್ಕೆ ಬೇಸತ್ತು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಪೆಟ್ಟಿಗೆಯೊಳಗೆ ಹೊಸ ಮೀನು ತಿನ್ನತೊಡಗಿದ ಮೇಲೆ, ಹಳಬರಿಗೆ ಹೊಟ್ಟೆ ತುಂಬ ಹಾಕಿ, ಲೈಟ್ ಆರುವ ಹೊತ್ತಿಗೆ ಬಾಗಿಲು ತೆರೆಯಿರಿ. ಐದನೇ ದಿನವೂ ಗಾಜಿಗೆ ಬಡಿಯುವುದು ನಿಲ್ಲದಿದ್ದರೆ ಹೊಸ ಮೀನನ್ನು ಬಿಡಬೇಡಿ. ಪೀಡಿಸುವ ಮೀನನ್ನೇ ಆ ಪೆಟ್ಟಿಗೆಗೆ ಹಾಕಿ, ಹೊಸದನ್ನು ಹೊರಬಿಟ್ಟು ಒಂದು ವಾರ ಅದಲುಬದಲು ಇಡಿ.

ಬಿಟ್ಟ ಮೇಲೆ ಅಟ್ಟಿಸಿಕೊಂಡು ಹೋಗುವುದು ಒಂದೆರಡು ದಿನ ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಟ್ಯಾಂಗ್ ಬಂದಾಗ ಗಾಜಿನ ಹೊರಗೊಂದು ಕನ್ನಡಿ ಆನಿಸಿದರೆ ಅದನ್ನು ಅಟ್ಟುವ ಹಳೆ ಮೀನಿನ ಕೋಪ ತನ್ನ ಬಿಂಬದ ಮೇಲೆ ತಿರುಗುತ್ತದೆ. ಆ ವಾರ ನೋರಿಯನ್ನು (ಒಣಗಿಸಿದ ಕಡಲಪಾಚಿಯ ಹಾಳೆ) ಟ್ಯಾಂಕಿನ ಎರಡು ತುದಿಗೂ ಕ್ಲಿಪ್ ಹಾಕಿ ಕೊಡಿ. ನೋಡಬೇಕಾದದ್ದು ಮೂರು: ರೆಕ್ಕೆ ಹರಿದಿದೆಯೇ, ಮೇಲ್ಮೈಯ ಮೂಲೆಯಲ್ಲೇ ನಿಂತಿದೆಯೇ, ಆಹಾರಕ್ಕೆ ಬರುತ್ತಿದೆಯೇ. ಎರಡು ದಿನ ತಿನ್ನಲು ಬಾರದ ಮೀನನ್ನು ಮೂರನೇ ದಿನ ಹೊರತೆಗೆದು ಕ್ವಾರಂಟೈನ್ ಟ್ಯಾಂಕಿಗೆ ಮರಳಿಸಿ. ಅದಕ್ಕಾಗಿಯೇ ಕೊನೆಯ ಮೀನು ನೆಲೆಯಾಗುವ ತನಕ ಆ ಟ್ಯಾಂಕಿನ ನೀರನ್ನು ಚೆಲ್ಲಬೇಡಿ, ಸ್ಪಂಜ್ ಫಿಲ್ಟರ್ ಓಡುತ್ತಲೇ ಇರಲಿ.